ಗಾಳಿಗೆ ಈಡು ಪಕ್ಕಕ್ಕೆ ಹೋಗುತ್ತಿದೆಯೇ? ಗುಂಡಿನ ತೂಕ ಬದಲಿಸುವ ಮುಂಚೆ ಇಷ್ಟು ನೋಡಿ

ಬೇಟೆಯ ರೈಫಲಿನಲ್ಲಿ ಈ ತೊಂದರೆ ಬಹುತೇಕ ಒಂದೇ ಥರ ಶುರುವಾಗುತ್ತದೆ. 100 ಮೀಟರಿನಲ್ಲಿ ರೈಫಲ್ ಚೆನ್ನಾಗಿ ಹೊಡೆಯುತ್ತದೆ, ಮೂರು ಗುಂಡು ಒಂದಕ್ಕೊಂದು ತಾಗಿಕೊಂಡೇ ಬೀಳುತ್ತವೆ. 400 ಮೀಟರಿಗೆ ಹೋಗಿ, ಸ್ವಲ್ಪ ಗಾಳಿ ಎದ್ದರೆ ಸಾಕು, ಈಡು ಎಲ್ಲೆಲ್ಲೋ. ಕೂಡಲೇ ಯಾರಾದರೂ ಹೇಳುತ್ತಾರೆ: ಭಾರದ ಗುಂಡು ಹಾಕಿ, ಗಾಳಿಗೆ ಅಲುಗಲ್ಲ.

ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಗಾಳಿಯಲ್ಲಿ ತಪ್ಪುವ ಈಡುಗಳಲ್ಲಿ ತೂಕದ ಪಾಲು ಜನ ಅಂದುಕೊಂಡದ್ದಕ್ಕಿಂತ ತುಂಬಾ ಚಿಕ್ಕದು. ಹೊಸ ಡಬ್ಬಿ ತೋಟಾ ಕೊಳ್ಳುವ ಮುಂಚೆ ದೋಷ ಎಲ್ಲಿದೆ ಅಂತ ಪತ್ತೆ ಮಾಡಿ. ಇಲ್ಲದಿದ್ದರೆ ಹಳೆ ತಪ್ಪಿನ ಜೊತೆಗೆ ಹೊಸದಾಗಿ ಝೀರೋ ಮಾಡುವ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ರೈಫಲಿನ ಮೇಲಿನ ದುರ್ಬೀನು (ಸ್ಕೋಪು) ಹೊಂದಿಸುವ ತಲೆನೋವೂ ಸೇರಿಕೊಳ್ಳುತ್ತದೆ.

ತೂಕದಿಂದ ಎಷ್ಟು ಲಾಭ?

ಗಾಳಿ ಗುಂಡನ್ನು ಪಕ್ಕದಿಂದ ನೂಕುತ್ತದೆ ಅನ್ನುವುದು ಅರ್ಧ ಸತ್ಯ. ಗುಂಡು ನಳಿಗೆ ಬಿಟ್ಟ ಕೂಡಲೇ ಮೂತಿಯನ್ನು ಒಂಚೂರು ಗಾಳಿಯ ಕಡೆ ತಿರುಗಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆಯೇ ಸ್ವಲ್ಪ ಪಕ್ಕಕ್ಕೂ ಎಳೆಯುತ್ತದೆ. ಹಾಗಾಗಿ ಎಷ್ಟು ಸರಿಯುತ್ತದೆ ಅನ್ನುವುದು ಹಾದಿಯಲ್ಲಿ ಎಷ್ಟು ಹೊತ್ತು ತಡವಾಯಿತು ಅನ್ನುವುದರ ಮೇಲೆ ನಿಂತಿದೆ. ಈ ಸೂತ್ರ ಫ್ರಾನ್ಸಿನ ಡಿಡಿಯನ್ 19ನೇ ಶತಮಾನದಲ್ಲೇ ಕೊಟ್ಟದ್ದು. ಗುಂಡು ಗುರಿ ಮುಟ್ಟಲು ನಿಜವಾಗಿ ಹಿಡಿದ ಸಮಯದಿಂದ, ಗಾಳಿಯೇ ಇಲ್ಲದ ಶೂನ್ಯದಲ್ಲಿ ಹಿಡಿಯುತ್ತಿದ್ದ ಸಮಯ ಕಳೆಯಿರಿ. ಉಳಿದದ್ದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿ. ಬಂದದ್ದೇ ಪಕ್ಕದ ಸರಿತ.

.308 ವಿಂಚೆಸ್ಟರ್ ತೋಟಾ ತೆಗೆದುಕೊಳ್ಳೋಣ. 150 ಗ್ರೇನಿನ (ಗ್ರೇನ್ ಅಂದರೆ ಗುಂಡು ತೂಗುವ ಚಿಕ್ಕ ಅಳತೆ) ಮೊನಚು ಗುಂಡು, ಜಿ1 ಬ್ಯಾಲಿಸ್ಟಿಕ್ ಕೋಎಫಿಶಿಯಂಟ್ (ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಅಂಕಿ, ಹೆಚ್ಚಿದ್ದಷ್ಟೂ ಒಳ್ಳೆಯದು) ಸುಮಾರು 0.415, ನಳಿಗೆಯ ಬಾಯಲ್ಲಿ ವೇಗ ಸೆಕೆಂಡಿಗೆ 860 ಮೀಟರ್. 400 ಮೀಟರಿಗೆ ಅದು ತಡ ಮಾಡುವುದು ಸುಮಾರು 0.098 ಸೆಕೆಂಡು. ಗಾಳಿ ನೇರ ಪಕ್ಕದಿಂದ ಸೆಕೆಂಡಿಗೆ 4 ಮೀಟರ್ ಇದ್ದರೆ ಸರಿತ 39 ಸೆಂಟಿಮೀಟರ್. ಈಗ ಅದೇ ರೈಫಲಿಗೆ 178 ಗ್ರೇನಿನ ಉದ್ದ ಗುಂಡು ಹಾಕಿ, ಕೋಎಫಿಶಿಯಂಟ್ 0.55ರ ಹತ್ತಿರ, ಆದರೆ ವೇಗ 790ಕ್ಕೆ ಇಳಿಯಿತು. ತಡ 0.088 ಸೆಕೆಂಡು, ಸರಿತ 35 ಸೆಂಟಿಮೀಟರ್.

ಅಂದರೆ 28 ಗ್ರೇನ್ ಜಾಸ್ತಿ ಮಾಡಿ ಗಳಿಸಿದ್ದು 4 ಸೆಂಟಿಮೀಟರ್! 600 ಮೀಟರಿಗೆ ಹೋದರೆ ಲಾಭ ಬೆಳೆಯುತ್ತದೆ. ಅಲ್ಲಿ ಸುಮಾರು 98 ಮತ್ತು 86, ಹನ್ನೆರಡು ಸೆಂಟಿಮೀಟರಿನ ವ್ಯತ್ಯಾಸ. ಆದರೆ ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಗಾಳಿಯನ್ನು ಸೆಕೆಂಡಿಗೆ ಒಂದೇ ಒಂದು ಮೀಟರ್ ತಪ್ಪಾಗಿ ಓದಿದರೆ, 400 ಮೀಟರಿನಲ್ಲಿ ಗುಂಡು 9ರಿಂದ 10 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ, ಯಾವ ಗುಂಡೇ ಇರಲಿ. ಸುಮಾರು ಅರ್ಧ ಮೀಟರಿನಷ್ಟು ಓದುವ ತಪ್ಪು ಸಾಕು, ಭಾರದ ಗುಂಡಿನ ಲಾಭವನ್ನೆಲ್ಲಾ ನುಂಗಿಹಾಕಲು.

ತೂಕಕ್ಕಿಂತ ಆಕಾರ ದೊಡ್ಡದು ಅನ್ನುವುದಕ್ಕೂ ಲೆಕ್ಕ ಇದೆ. .30-06 ತೋಟಾದಲ್ಲಿ 180 ಗ್ರೇನಿನ ಎರಡು ಗುಂಡು, ಎರಡಕ್ಕೂ ಬಾಯಿವೇಗ ಸುಮಾರು 820. ಒಂದಕ್ಕೆ ಬೋಳು ಮೂತಿ, ಇನ್ನೊಂದಕ್ಕೆ ಚೂಪು ಮೂತಿ ಮತ್ತು ಹಿಂಬದಿ ಸಣ್ಣಗಾಗುವ ಬೋಟ್‌ಟೇಲ್. ಅದೇ 400 ಮೀಟರ್, ಅದೇ 4 ಮೀಟರ್ ಗಾಳಿ. ಬೋಳು ಮೂತಿಯದು 75ರಿಂದ 80 ಸೆಂಟಿಮೀಟರ್ ಸರಿಯುತ್ತದೆ, ಚೂಪಿನದು 37ರ ಆಸುಪಾಸು. ತೂಕ ಒಂದೇ, ಸರಿತ ಎರಡು ಪಟ್ಟು. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ತೋಟಾ ಜನಕ್ಕೆ ಇಷ್ಟವಾದದ್ದೂ ಇದಕ್ಕೇ. ಅದರ 143 ಗ್ರೇನಿನ ಗುಂಡು .308ರ 178 ಗ್ರೇನಿನದಕ್ಕಿಂತ ಹಗುರ, ಆದರೂ ಇದೇ ಗಾಳಿಯಲ್ಲಿ 28 ಸೆಂಟಿಮೀಟರಿನ ಸುತ್ತಮುತ್ತ ಮಾತ್ರ ಸರಿಯುತ್ತದೆ. ಅದು ತನ್ನ ದಪ್ಪಕ್ಕೆ ಹೋಲಿಸಿದರೆ ಭಾರ, ಉದ್ದ, ನುಣುಪು. ಹಾಗಾಗಿ ಡಬ್ಬಿಯ ಮೇಲೆ ಮೊದಲು ನೋಡಬೇಕಾದ್ದು ಗ್ರೇನ್ ಅಲ್ಲ, ಕೋಎಫಿಶಿಯಂಟ್. ಜಿ1, ಜಿ7 ಅಂದರೆ ಆ ಅಂಕಿ ಕಟ್ಟುವ ಎರಡು ಬೇರೆ ಬೇರೆ ಮಾದರಿ. ಜಿ1 ಅಂಕಿಯನ್ನು ಜಿ1ರ ಜೊತೆಗೇ ಹೋಲಿಸಿ, ಜಿ7 ಅಂಕಿ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ. ಇದರಲ್ಲಿ ಮೋಸ ಹೋಗುವವರು ಸುಮಾರು ಜನ.

ಮೊದಲ ಪರೀಕ್ಷೆ: ಗಾಳಿ ಇಲ್ಲದ ಹೊತ್ತು

ಬೆಳ್ಳಂಬೆಳಗ್ಗೆ, ಹುಲ್ಲು ಅಲುಗದ ಹೊತ್ತಿನಲ್ಲಿ, ಯಾವ ದೂರದಲ್ಲಿ ತಪ್ಪುತ್ತಿದೆಯೋ ಅದೇ ದೂರಕ್ಕೆ ದೊಡ್ಡ ಕಾಗದ ಕಟ್ಟಿ ಐದು ಗುಂಡು ಹೊಡೆಯಿರಿ. ಹಿಂದೆ ಮಣ್ಣಿನ ದಿಬ್ಬ ಇರಲಿ. ಅದೇ ಕೆಲಸವನ್ನು ಗಾಳಿ ಎದ್ದ ಮೇಲೆ ಬೇರೆ ಕಾಗದಕ್ಕೆ ಮಾಡಿ. ಗಾಳಿಯಲ್ಲಿ ಹೊಡೆಯುವಾಗ ಏನೂ ತಿದ್ದಬೇಡಿ, ನಡುವಿಗೇ ಗುರಿ ಇಡಿ.

ಎರಡೂ ಕಾಗದ ಪಕ್ಕಪಕ್ಕ ಇಟ್ಟರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಶಾಂತ ಹೊತ್ತಿನಲ್ಲೂ ತೂತುಗಳು ಚದುರಿದ್ದರೆ ಗಾಳಿಗೆ ಸುಮ್ನೆ ಬೈಯುತ್ತಿದ್ದೀರಿ, ಗುಂಡಿನ ತೂಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಶಾಂತ ಹೊತ್ತಿನಲ್ಲಿ ಒತ್ತಾಗಿದ್ದು, ಗಾಳಿಯಲ್ಲಿ ಅಡ್ಡಡ್ಡ ಹರಡಿದ್ದರೆ ಮುಂದೆ ಓದಿ.

ಕಾಗದ ಏನು ಹೇಳುತ್ತದೆ

ತೂತುಗಳು ಎಡಬಲಕ್ಕೆ ಮಾತ್ರ ಹರಡಿವೆ, ಮೇಲೆ ಕೆಳಗೆ ಸರಿಯಾಗಿದೆ ಅಂದರೆ ಅದು ಗಾಳಿಯ ಏರಿಳಿತ. ರೈಫಲ್, ತೋಟಾ ಎರಡೂ ಸರಿ ಇವೆ. ಇಲ್ಲಿ ಒಳ್ಳೆಯ ಗುಂಡು ಸ್ವಲ್ಪ ಸಹಾಯ ಮಾಡುತ್ತದೆ, ಗಾಳಿ ಓದುವ ಅಭ್ಯಾಸ ಜಾಸ್ತಿ ಸಹಾಯ ಮಾಡುತ್ತದೆ.

ತೂತುಗಳು ನೇರ ಅಡ್ಡಕ್ಕಲ್ಲ, ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಓರೆಯಾಗಿ ಸಾಲುಗಟ್ಟಿವೆಯೇ? ಗಾಬರಿ ಬೇಡ. ಬಲಕ್ಕೆ ತಿರುಗುವ ಟ್ವಿಸ್ಟ್ (ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಗೆರೆಗಳ ಸುರುಳಿ) ಇರುವ ಬ್ಯಾರೆಲಿನಲ್ಲಿ ಬಲದಿಂದ ಬೀಸುವ ಗಾಳಿ ಗುಂಡನ್ನು ಎಡಕ್ಕೆ ಒಯ್ಯುವುದರ ಜೊತೆಗೆ ಒಂಚೂರು ಮೇಲಕ್ಕೂ ಎತ್ತುತ್ತದೆ, ಎಡದಿಂದ ಬೀಸಿದರೆ ಬಲಕ್ಕೆ ಒಯ್ದು ಕೆಳಗಿಳಿಸುತ್ತದೆ. ಗಿರಗಿರ ತಿರುಗುವ ಗುಂಡಿನ ಸಹಜ ಗುಣ ಅದು. ಇದನ್ನು ಸ್ಕೋಪಿನ ದೋಷ ಅಂದುಕೊಂಡು ಮೌಂಟ್ ಬಿಚ್ಚಿದವರುಂಟು.

ಮೇಲೆ ಕೆಳಗೆ ಹರಡಿದ್ದರೆ ಗಾಳಿಯನ್ನು ಬಿಡಿ, ವೇಗ ಅಳೆಯಿರಿ. ಕ್ರೋನೋಗ್ರಾಫಿನಲ್ಲಿ ಗುಂಡಿನಿಂದ ಗುಂಡಿಗೆ ಸೆಕೆಂಡಿಗೆ 15 ಮೀಟರ್ ವ್ಯತ್ಯಾಸ ಬಂದರೆ 400 ಮೀಟರಿನಲ್ಲಿ ಅದೊಂದೇ 5-6 ಸೆಂಟಿಮೀಟರ್ ಏರಿಳಿತ ತರುತ್ತದೆ. ಇನ್ನೊಂದು ಕಾರಣ ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಸ್ಕೋಪಿನ ಗುರಿಗೆರೆಯೂ ಸರಿದಂತೆ ಕಾಣುವ ದೋಷ. ರೈಫಲ್ ಖಾಲಿ ಮಾಡಿ, ಚೀಲದ ಮೇಲೆ ಅಲುಗದಂತೆ ಇಟ್ಟು, ಕಣ್ಣನ್ನು ಮಾತ್ರ ಅತ್ತಿತ್ತ ಸರಿಸಿ. ಕ್ರಾಸ್‌ಹೇರ್ ಗುರಿಯ ಮೇಲೆ ತೇಲಾಡಿದರೆ ಪ್ಯಾರಲಾಕ್ಸ್ ಗುಂಡಿ ತಿರುಗಿಸಿ ಸರಿ ಮಾಡಿ.

ಈಗ ಜಾಸ್ತಿ ಜನ ಎಡವುವ ಜಾಗ. ಗುಂಪು ಒತ್ತಾಗಿದೆ, ಆದರೆ ಯಾವಾಗಲೂ ಒಂದೇ ಕಡೆ ಬೀಳುತ್ತದೆ, ಗಾಳಿ ಯಾವ ದಿಕ್ಕಿನದಾದರೂ ಆ ವಾಲು ಹೋಗುವುದಿಲ್ಲ. ಇದಕ್ಕೆ ಮೂರು ಕಾರಣ ಇರಬಹುದು.

ಒಂದು, ಝೀರೋ ಮಾಡಿದ ದಿನವೇ ಗಾಳಿ ಇತ್ತು. 100 ಮೀಟರಿನಲ್ಲಿ 4 ಮೀಟರ್ ಗಾಳಿ ಗುಂಡನ್ನು ಸುಮಾರು 2 ಸೆಂಟಿಮೀಟರ್ ಸರಿಸುತ್ತದೆ. ಅಷ್ಟನ್ನು ಯಾರು ಗಮನಿಸುತ್ತಾರೆ, ಅಲ್ವಾ? ಸ್ಕೋಪಿನ ತಿರುಪನ್ನು ಎರಡು ಕ್ಲಿಕ್ ತಿರುಗಿಸಿ ನಡುವಿಗೆ ತಂದುಬಿಡುತ್ತಾರೆ. ಆ 2 ಸೆಂಟಿಮೀಟರಿನ ಕೋನ ಸ್ಕೋಪಿನಲ್ಲೇ ಉಳಿದು 400 ಮೀಟರಿನಲ್ಲಿ 8 ಸೆಂಟಿಮೀಟರ್ ಆಗುತ್ತದೆ. ಭಾರದ ಗುಂಡಿನ ಲಾಭದ ಎರಡು ಪಟ್ಟು ನಷ್ಟ ಇದೊಂದರಲ್ಲೇ ಹೋಯಿತು.

ಎರಡು, ರೈಫಲ್ ವಾಲಿಸಿ ಹಿಡಿಯುವುದು. ಇಳಿಜಾರಿನಲ್ಲಿ ಮಲಗಿ ಹೊಡೆಯುವಾಗ ಕಣ್ಣು ಇಳಿಜಾರನ್ನೇ ಸಮತಟ್ಟು ಅಂತ ನಂಬಿಬಿಡುತ್ತದೆ. .308ರ ಗುಂಡು 400 ಮೀಟರಿಗೆ ನಳಿಗೆಯ ಗೆರೆಯಿಂದ ಸುಮಾರು ಒಂದೂವರೆ ಮೀಟರ್ ಬೀಳುತ್ತದೆ. ಮೂರು ಡಿಗ್ರಿ ವಾಲಿದರೆ ಆ ಒಂದೂವರೆ ಮೀಟರಿನಲ್ಲಿ 7-8 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಸ್ಕೋಪಿಗೆ ಒಂದು ಪುಟ್ಟ ಗುಳ್ಳೆಮಟ್ಟ ಹಾಕಿದರೆ ಈ ರೋಗ ಮುಗಿಯಿತು.

ಮೂರು, ಸ್ಪಿನ್ ಡ್ರಿಫ್ಟ್. ಬಲ ಟ್ವಿಸ್ಟಿನ ಬ್ಯಾರೆಲಿನಲ್ಲಿ ಗುಂಡು ತಾನಾಗಿಯೇ ಬಲಕ್ಕೆ ಜಾರುತ್ತದೆ. 400 ಮೀಟರಿಗೆ 3-4 ಸೆಂಟಿಮೀಟರ್, ಅಷ್ಟೇ. ಬೇಟೆಯ ದೂರದಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆದರೆ ಮೇಲಿನ ಎರಡರ ಜೊತೆ ಒಂದೇ ದಿಕ್ಕಿಗೆ ಸೇರಿದರೆ ಅಂಗೈ ಅಗಲ ಆಗುತ್ತದೆ.

ತೂತು ದುಂಡಗಿಲ್ಲದಿದ್ದರೆ

ಇದು ಭಾರದ ಗುಂಡಿಗೆ ಬದಲಾದ ಮೇಲೆ ಬರುವ ರೋಗ. ತೂತಿನ ಹತ್ತಿರ ಬಗ್ಗಿ ನೋಡಿ. ಸರಿಯಾಗಿ ಹಾರಿದ ಗುಂಡು ದುಂಡು ತೂತು ಮಾಡುತ್ತದೆ, ಸುತ್ತ ಬೂದು ಬಣ್ಣದ ತೆಳ್ಳನೆ ಉಂಗುರ ಎಲ್ಲಾ ಕಡೆ ಒಂದೇ ಅಗಲ ಇರುತ್ತದೆ. ತಲೆ ಅಲ್ಲಾಡಿಸಿಕೊಂಡು ಬಂದ ಗುಂಡಿನ ತೂತು ಮೊಟ್ಟೆಯಾಕಾರ, ಉಂಗುರ ಒಂದು ಕಡೆ ದಪ್ಪ. ಪೂರ್ತಿ ಕೆಟ್ಟರೆ ಅಡ್ಡ ಬಿದ್ದ ಗುಂಡಿನ ಪಕ್ಕದ ಅಚ್ಚೇ ಕಾಗದದ ಮೇಲೆ ಮೂಡುತ್ತದೆ.

ಕಾರಣ ಟ್ವಿಸ್ಟ್ ಸಾಲದೆ ಇರುವುದು. ಉದ್ದದ ಗುಂಡನ್ನು ನೆಟ್ಟಗೆ ನಿಲ್ಲಿಸಲು ಜೋರಾಗಿ ತಿರುಗಿಸಬೇಕು. ಗಮನಿಸಿ, ಉದ್ದ ಅಂದೆ, ತೂಕ ಅನ್ನಲಿಲ್ಲ. ಸೀಸವಿಲ್ಲದ ಬರೀ ತಾಮ್ರದ ಗುಂಡು ಅದೇ ತೂಕಕ್ಕೆ ಇನ್ನೂ ಉದ್ದ ಇರುತ್ತದೆ, ಏಕೆಂದರೆ ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಸೀಸದ 180 ಗ್ರೇನ್ ಚೆನ್ನಾಗಿ ಹಾರಿದ ಬ್ಯಾರೆಲಿನಲ್ಲಿ ತಾಮ್ರದ 180 ತಲೆ ಅಲ್ಲಾಡಿಸಬಹುದು.

ಇದರ ಪಾಠ ಕಂಪನಿಗಳೇ ಕಲಿತದ್ದುಂಟು. 1955ರಲ್ಲಿ .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್ ಎರಡೂ ಬಂದವು. ಗುಂಡಿನ ದಪ್ಪ ಒಂದೇ. ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತಿನ ಟ್ವಿಸ್ಟ್ ಕೊಟ್ಟಿತು, ಜಿಂಕೆಗೆ ಬೇಕಾದ 100 ಗ್ರೇನ್ ಗುಂಡು ನಡೆಯಿತು. ರೆಮಿಂಗ್ಟನ್ 12 ಇಂಚಿನದು ಕೊಟ್ಟಿತು, ಅದು ಹಗುರ ಗುಂಡುಗಳಿಗೆ ಹೊಂದುವಂಥದ್ದು. ಬೇಟೆಗಾರರು 100 ಗ್ರೇನ್ ಹಾಕಬಹುದಾದ ಕಡೆಗೆ ಹೋದರು. 1963ರಲ್ಲಿ ಅದೇ ತೋಟಾಕ್ಕೆ 6 ಎಂಎಂ ರೆಮಿಂಗ್ಟನ್ ಅಂತ ಹೊಸ ಹೆಸರಿಟ್ಟು 9 ಇಂಚಿನ ಟ್ವಿಸ್ಟ್ ಕೊಟ್ಟರು. ಅಷ್ಟೊತ್ತಿಗೆ ಗಿರಾಕಿ ಕೈಬಿಟ್ಟಾಗಿತ್ತು.

ನಿಮ್ಮ ಬ್ಯಾರೆಲಿನ ಟ್ವಿಸ್ಟ್ ಅಳೆಯುವುದು ಸುಲಭ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆದಿಡಿ. ಹಿಡಿ ತಾನೇ ತಿರುಗುವ ಶುಚಿಕಡ್ಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ಕಡ್ಡಿಯ ಮೇಲ್ಮೈಯಲ್ಲಿ ಒಂದು ಗುರುತು ಹಾಕಿ, ಆ ಗುರುತು ಪೂರ್ತಿ ಒಂದು ಸುತ್ತು ಬಂದು ಮತ್ತೆ ಮೇಲೆ ನಿಲ್ಲುವವರೆಗೆ ಮೆಲ್ಲಗೆ ತಳ್ಳಿ. ಕಡ್ಡಿ ಎಷ್ಟು ಒಳಗೆ ಹೋಯಿತೋ ಅದೇ ಟ್ವಿಸ್ಟ್. ಬಟ್ಟೆ ಸಡಿಲವಿದ್ದರೆ ಜಾರಿ ತಪ್ಪು ಅಂಕಿ ಬರುತ್ತದೆ, ಮೂರು ಸಲ ಅಳೆಯಿರಿ.

ಆಮೇಲೆ ಗ್ರೀನ್‌ಹಿಲ್ ಸೂತ್ರ. 1879ರದು, ಈಗಲೂ ಒರಟು ಲೆಕ್ಕಕ್ಕೆ ಸಾಕು. ಗುಂಡಿನ ದಪ್ಪದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿ. ಬಂದದ್ದು ಆ ಗುಂಡಿಗೆ ಬೇಕಾದ ಟ್ವಿಸ್ಟ್, ಅಂಕಿ ಚಿಕ್ಕದಾದಷ್ಟೂ ತಿರುಗು ಜೋರು. 7.82 ಮಿಲಿಮೀಟರ್ ದಪ್ಪ, 35.5 ಮಿಲಿಮೀಟರ್ ಉದ್ದದ ಗುಂಡಿಗೆ 258 ಮಿಲಿಮೀಟರ್ ಬರುತ್ತದೆ, ಅಂದರೆ 10 ಇಂಚು ಚಿಲ್ಲರೆ. ನಿಮ್ಮ ಬ್ಯಾರೆಲ್ 10 ಇಂಚಿನದಾದರೆ ಧೈರ್ಯವಾಗಿ ಹಾಕಿ. 12 ಇಂಚಿನದಾದರೆ ಅನುಮಾನ, ಅದರಲ್ಲೂ ಚಳಿಯಲ್ಲಿ. ತಣ್ಣಗಿನ ಗಾಳಿ ದಟ್ಟ, ಬೇಸಿಗೆಯಲ್ಲಿ ಹೇಗೋ ನಿಂತ ಗುಂಡು ಚಳಿಗಾಲದಲ್ಲಿ ತೂರಾಡಬಹುದು. ಇನ್ನಷ್ಟು ನಿಖರ ಬೇಕಾದರೆ ಮಿಲ್ಲರ್ ಸೂತ್ರದ ಸ್ಥಿರತೆಯ ಅಂಕಿ ನೋಡಿ, 1.5 ಅಥವಾ ಅದಕ್ಕಿಂತ ಮೇಲೆ ಇರಲಿ. ಅದಕ್ಕಿಂತ ಕೆಳಗಿದ್ದರೆ ತೂತು ದುಂಡಗೆ ಕಂಡರೂ ಡಬ್ಬಿಯ ಮೇಲೆ ಬರೆದ ಕೋಎಫಿಶಿಯಂಟ್ ಪೂರ್ತಿ ಸಿಗುವುದಿಲ್ಲ. ಯಾವುದಕ್ಕೆ ಅಂತ ಭಾರದ ಗುಂಡು ಕೊಂಡಿರೋ ಅದೇ ಕೈಗೆ ಸಿಗಲ್ಲ.

ಗಾಳಿ ಓದುವುದರಲ್ಲಿ ತಪ್ಪೆಲ್ಲಿ

ಮೊದಲ ತಪ್ಪು ಕೋನದ್ದು. ಗಾಳಿ ಗುಂಡಿನ ಹಾದಿಗೆ 45 ಡಿಗ್ರಿ ಓರೆಯಿಂದ ಬಂದರೆ ಅರ್ಧ ಲೆಕ್ಕ ಹಿಡಿಯುವವರು ಜಾಸ್ತಿ. ನಿಜದಲ್ಲಿ ಅದರ ಬಲ ನೂರಕ್ಕೆ 71. ಅರ್ಧ ಆಗುವುದು 30 ಡಿಗ್ರಿಗೆ. 60 ಡಿಗ್ರಿ ಅಂದರೆ ನೂರಕ್ಕೆ 87, ಹೆಚ್ಚುಕಡಿಮೆ ಪೂರ್ತಿ ಗಾಳಿ ಅಂತಲೇ ಲೆಕ್ಕ.

ಎರಡನೆಯದು ಜಾಗದ್ದು. ಕೈಯಲ್ಲಿ ಹಿಡಿದ ಗಾಳಿಮಾಪಕ ನೀವು ಕೂತ ಜಾಗದ ಗಾಳಿಯನ್ನಷ್ಟೇ ಹೇಳುತ್ತದೆ. ಹತ್ತಿರದ ಗಾಳಿಗೆ ಬೆಲೆ ಹೆಚ್ಚು ನಿಜ, ಅಲ್ಲಿ ಸಿಕ್ಕ ಓರೆ ಗುರಿ ಮುಟ್ಟುವವರೆಗೂ ಬೆಳೆಯುತ್ತಾ ಹೋಗುತ್ತದೆ. ಆದರೆ ನೀವು ಬಂಡೆಯ ಮರೆಯಲ್ಲಿ ಕೂತು, ಗುಂಡು ಕಣಿವೆಯ ಮೇಲೆ ಹಾದುಹೋಗುವಾಗ ಮಾಪಕ 1 ಮೀಟರ್ ತೋರಿಸಿ, ಕಣಿವೆಯಲ್ಲಿ 5 ಮೀಟರ್ ಬೀಸುತ್ತಿರಬಹುದು. ಅದಕ್ಕೆ ದುರ್ಬೀನಿನಲ್ಲಿ ನಡುದಾರಿಯ ಗಿಡ ನೋಡಿ. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ ಸೆಕೆಂಡಿಗೆ 2ರಿಂದ 3 ಮೀಟರ್. ಎಲೆ, ಸಣ್ಣ ರೆಂಬೆ ಬಿಡದೆ ಆಡುತ್ತಿದ್ದರೆ ಮೂರೂವರೆಯಿಂದ ಐದೂವರೆ. ಧೂಳು ಎದ್ದು ಸಣ್ಣ ಕೊಂಬೆ ಅಲ್ಲಾಡಿದರೆ ಐದೂವರೆಯಿಂದ ಎಂಟು. ಬಿಸಿಲಿದ್ದರೆ ಸ್ಕೋಪಿನಲ್ಲಿ ಬಿಸಿಗಾಳಿಯ ತೆರೆ ಹರಿಯುವ ದಿಕ್ಕು ಕಾಣುತ್ತದೆ. ಅದು ನೆಟ್ಟಗೆ ಮೇಲಕ್ಕೆ ಕುದಿಯುವಂತೆ ಕಂಡರೆ ಗಾಳಿ ನಿಂತಿದೆ, ಇಲ್ಲವೇ ನೇರ ಮುಂದಿನಿಂದ ಅಥವಾ ಹಿಂದಿನಿಂದ ಬರುತ್ತಿದೆ.

ಅಭ್ಯಾಸಕ್ಕೆ ಒಂದು ಉಪಾಯ: ಮೊದಲು ಗಿಡ ನೋಡಿ ಬಾಯಿಬಿಟ್ಟು ಒಂದು ಅಂಕಿ ಹೇಳಿ, ಆಮೇಲೆ ಅಲ್ಲಿಗೇ ಹೋಗಿ ಮಾಪಕದಿಂದ ಅಳೆಯಿರಿ. ತೋಟಾ ಖರ್ಚಿಲ್ಲದ ಅಭ್ಯಾಸ. ಅದಕ್ಕೇ ಏನೋ ಯಾರೂ ಮಾಡಲ್ಲ.

ಗುಂಡು ತಗುಲಿದರೂ ಪ್ರಾಣಿ ಬೀಳದಿದ್ದರೆ

ಇದು ಗಾಳಿಯ ದೋಷವಲ್ಲ, ಆದರೆ ಗಾಳಿಗೆ ಹೆದರಿ ತಪ್ಪು ಗುಂಡು ಆರಿಸಿದ್ದರಿಂದ ಬರುತ್ತದೆ. ಕಾಗದಕ್ಕೆ ಹೊಡೆಯುವ ಮ್ಯಾಚ್ ಗುಂಡುಗಳ ಕೋಎಫಿಶಿಯಂಟ್ ಚೆನ್ನಾಗಿರುತ್ತದೆ, ಆದರೆ ಅವನ್ನು ಪ್ರಾಣಿಯ ಮೈಯಲ್ಲಿ ಅರಳಲೆಂದು, ಅಂದರೆ ಮೂತಿ ಹಿಗ್ಗಿ ಅಗಲವಾಗಲೆಂದು ಮಾಡಿರುವುದಿಲ್ಲ. ಬೇಟೆಯ ಗುಂಡು ಅರಳಲು ಗುರಿ ಮುಟ್ಟುವಾಗ ಕನಿಷ್ಠ ವೇಗ ಬೇಕು. ಸಾಮಾನ್ಯ ಗುಂಡುಗಳಿಗೆ ಸೆಕೆಂಡಿಗೆ ಸುಮಾರು 550 ಮೀಟರ್ ಅಂತ ಲೆಕ್ಕ ಹಿಡಿಯುತ್ತಾರೆ, ದೂರದ ಬೇಟೆಗೆಂದೇ ಮಾಡಿದ ಕೆಲವಕ್ಕೆ ಅದಕ್ಕಿಂತ ಕಡಿಮೆ ಸಾಕು, ತಾಮ್ರದವು ಸಾಮಾನ್ಯವಾಗಿ ಜಾಸ್ತಿ ಕೇಳುತ್ತವೆ. ಮೇಲೆ ಹೇಳಿದ .308ರ ಎರಡು ಗುಂಡೂ 400 ಮೀಟರಿನಲ್ಲಿ 575ರಿಂದ 585ರ ಹತ್ತಿರ ಇರುತ್ತವೆ, ಅಂಚಿಗೆ ಬಂದಂತೆಯೇ. 180 ಗ್ರೇನಿನ ಬೋಳು ಮೂತಿ ಅಷ್ಟು ದೂರದಲ್ಲಿ 420ಕ್ಕೆ ಇಳಿದಿರುತ್ತದೆ. ಡಬ್ಬಿಯ ಮೇಲಿನ ವೇಗ ಸಾಮಾನ್ಯವಾಗಿ 24 ಇಂಚಿನ ಬ್ಯಾರೆಲಿನದು ಅನ್ನುವುದೂ ನೆನಪಿರಲಿ. ನಿಮ್ಮದು 20 ಇಂಚಿನದಾದರೆ ಅಳೆದೇ ನೋಡಬೇಕು.

ಹಾಗಾದರೆ ಯಾವ ತೂಕ?

ನನ್ನ ಲೆಕ್ಕ ಹೀಗೆ. ನಿಮ್ಮ ಟ್ವಿಸ್ಟ್ ನೆಟ್ಟಗೆ ನಿಲ್ಲಿಸಬಲ್ಲ, ಮ್ಯಾಗಜಿನ್ನಿನಲ್ಲಿ ಕೂರಬಲ್ಲ, ಬೇಟೆಗೆಂದೇ ಮಾಡಿದ ಗುಂಡುಗಳನ್ನು ಮಾತ್ರ ಪಕ್ಕಕ್ಕಿಡಿ. ಅವುಗಳಲ್ಲಿ ಒಂದೊಂದರ ತಡವಾಗುವ ಸಮಯವನ್ನು ನಿಮ್ಮ ಬ್ಯಾರೆಲಿನ ನಿಜವಾದ ವೇಗ ಹಾಕಿ ಲೆಕ್ಕ ಮಾಡಿ. ಸಾಮಾನ್ಯವಾಗಿ ತನ್ನ ದಪ್ಪಕ್ಕೆ ಭಾರದ ಕಡೆ ಇರುವುದೇ ಗೆಲ್ಲುತ್ತದೆ, ಆದರೆ ಅತಿ ಭಾರದ್ದಲ್ಲ. ಎರಡರ ನಡುವೆ 2-3 ಸೆಂಟಿಮೀಟರ್ ಮಾತ್ರ ಅಂತರವಿದ್ದರೆ ನಿಮ್ಮ ರೈಫಲ್ ಯಾವುದನ್ನು ಒತ್ತಾಗಿ ಹೊಡೆಯುತ್ತದೋ ಅದನ್ನು ಆರಿಸಿ. ಭಾರ ಹೆಚ್ಚಿದಂತೆ ಹೆಗಲಿಗೆ ಒದೆಯೂ ಹೆಚ್ಚುತ್ತದೆ. ಒದೆಗೆ ಹೆದರಿ ಟ್ರಿಗರ್ ಎಳೆಯುವ ಕೈ, ಯಾವ ಗಾಳಿಗಿಂತಲೂ ಹೆಚ್ಚು ಗುರಿ ತಪ್ಪಿಸುತ್ತದೆ.

ದೂರದ ಮಿತಿಯನ್ನೂ ಇದೇ ಅಂಕಿಗಳಿಂದ ಕಟ್ಟಬಹುದು. ಜಿಂಕೆ ಗಾತ್ರದ ಪ್ರಾಣಿಯ ಎದೆಗೂಡಿನಲ್ಲಿ ಜೀವ ಇರುವ ಜಾಗ 20ರಿಂದ 25 ಸೆಂಟಿಮೀಟರ್ ಅಗಲ. ನಡುವಿಗೆ ಗುರಿ ಇಟ್ಟರೆ ಪಕ್ಕಕ್ಕೆ ಉಳಿಯುವ ಸಲಿಗೆ 10-12 ಸೆಂಟಿಮೀಟರ್. ಅದರಲ್ಲಿ ರೈಫಲಿನ ಚದುರುವಿಕೆಗೇ 5-6 ಹೋಗುತ್ತದೆ. ಉಳಿದ 5-6 ಸೆಂಟಿಮೀಟರಿನಲ್ಲಿ ಗಾಳಿ ಓದುವ ತಪ್ಪು ಅಡಗಬೇಕು, ಅಂದರೆ 400 ಮೀಟರಿನಲ್ಲಿ ಸೆಕೆಂಡಿಗೆ ಅರ್ಧ ಮೀಟರಿಗಿಂತ ಚೂರು ಜಾಸ್ತಿ. ಬಿಟ್ಟುಬಿಟ್ಟು ಬೀಸುವ ಗಾಳಿಯಲ್ಲಿ ಅಷ್ಟು ಸೂಕ್ಷ್ಮವಾಗಿ ಓದುವವರನ್ನು ಹುಡುಕಬೇಕು. 250 ಮೀಟರಿಗೆ ಹತ್ತಿರ ಹೋದರೆ ಅದೇ 1 ಮೀಟರಿನ ತಪ್ಪಿಗೆ ಗುಂಡು ತಪ್ಪುವುದು 3-4 ಸೆಂಟಿಮೀಟರ್ ಮಾತ್ರ. ಯಾವ ಡಬ್ಬಿಯ ಗುಂಡೂ ಕೊಡದ ಲಾಭ ನೂರೈವತ್ತು ಮೀಟರ್ ತೆವಳಿದರೆ ಸಿಗುತ್ತದೆ.

ತೂಕ ಬದಲಿಸಿದ್ದೇ ಆದರೆ ಹಳೆ ಝೀರೋ ನಂಬಬೇಡಿ, ಹೊಸ ಗುಂಡು ಎತ್ತರ ಮಾತ್ರವಲ್ಲ ಪಕ್ಕಕ್ಕೂ ಸರಿಯಬಹುದು. ಗಾಳಿ ಇಲ್ಲದ ಬೆಳಗ್ಗೆ 100 ಮೀಟರಿನಲ್ಲಿ ಮೊದಲಿನಿಂದ ಝೀರೋ ಮಾಡಿ. ಆಮೇಲೆ 300ರಲ್ಲಿ, 400ರಲ್ಲಿ ಕಾಗದಕ್ಕೆ ಹೊಡೆದು, ಅಳೆದ ಗಾಳಿಗೆ ಎಷ್ಟು ಸರಿಯಿತು ಅಂತ ಬರೆದು ಆ ಚೀಟಿಯನ್ನು ರೈಫಲಿನ ಹಿಡಿಗೆ ಅಂಟಿಸಿ. ಹಳೆ ಗುಂಡಿನ ಚೀಟಿಯನ್ನು ಕಿತ್ತು ಬಿಸಾಡಿ, ಎರಡೂ ಒಟ್ಟಿಗೆ ಇರಬಾರದು.